ಗಿಳಿಹಸಿರು ಗಂಟು

ಹಲಸೂರು
11 ನವೆಂಬರ್ 2003, ಮಂಗಳವಾರ

ನನ್ನ ಮುದ್ದು ಹಂಸ,

ನಿನಗೊಂದು ವಿಳಾಸವಿದ್ದಿದ್ದರೆ ಈ ಕಾಗದ ಇಷ್ಟು ಹೊತ್ತಿಗೆ ಅಂಚೆ ಡಬ್ಬಿಯಲ್ಲಿರುತ್ತಿತ್ತು. ಇಲ್ಲವಲ್ಲ, ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಡುತ್ತೇನೆ. ಗುಂಡಿ ಕದಿಯಲು ಮೊದಲು ನೀನು ತೆಗೆಯುತ್ತಿದ್ದದ್ದು ಅದನ್ನೇ.

ಈಗೀಗ ಮಿಷನ್ ತುಳಿಯುತ್ತಲೇ ಕನಸಿಗೆ ಜಾರುತ್ತೇನೆ. ಸೂಜಿಯ ಟಕಟಕ ಕೋಲಾಟದ ಸದ್ದಾಗುತ್ತದೆ. ನೀನು ನಮ್ಮ ತಾರಸಿಯ ಮೇಲೆ ಕೋಲು ಹಿಡಿದು ಸುತ್ತುತ್ತೀಯ, ತಾರಸಿ ಹಲಸೂರು ಕೆರೆಯ ಮೇಲೆ ಮೆಲ್ಲಗೆ ತೇಲಿಹೋಗುತ್ತದೆ, ನಾನು ಟೇಪು ಹಿಡಿದು ದಡದಲ್ಲಿ ನಿಂತಿರುತ್ತೇನೆ. ಕನಸಿನಲ್ಲೂ ನೀನು ಹೆಬ್ಬೆರಳಿಗೇ ಹೊಡೆದುಕೊಳ್ಳುತ್ತೀಯ ಕಣೇ! ಕೋಲಾಟದವಳೆಂದು ವೀಸಾ ಕೇಳುವಾಗ ಅವರು ಎರಡು ಹೆಜ್ಜೆ ಹಾಕಿ ಅಂದರೆ ಏನು ಗತಿ ಅಂತ ಕೆಂಪರಾಜ್ ಹದಿನೈದು ದಿನ ಕಲಿಸಿದರೂ ನಿನಗೆ ಬರಲಿಲ್ಲ.

ಒಂದು ಮಾತು ಮುಚ್ಚಿಟ್ಟಿದ್ದೆ. ಅವನ ಕಲಾತಂಡಕ್ಕೆ ಬಟ್ಟೆ ಹೊಲಿಯುವವಳು ನಾನೇ ತಾನೆ? ನಿನಗಿಂತ ಮುಂಚೆ ಎರಡು ಸಲವೂ ಹನ್ನೆರಡು ಜನ ಇಟಲಿಗೆ ಹೋದರು, ನಾಲ್ವರಷ್ಟೇ ಬಂದರು. ಬಟ್ಟೆ ಮಾತ್ರ ಹನ್ನೆರಡು ಜೊತೆಯೂ ಬಂದವು, ಮುಂದಿನವರ ಅಳತೆಗೆ ತಿದ್ದಲು. ಒಂದರ ಕಂಕುಳಲ್ಲೂ ಬೆವರಿನ ಕಲೆಯಿರಲಿಲ್ಲ. ಯಾರೂ ಕುಣಿದಿಲ್ಲವೆಂದು ಆಗಲೇ ಗೊತ್ತಾಯಿತು. ಉಳಿದವರು ಅಲ್ಲೇ ಕೆಲಸ ಹಿಡಿದು ಆರಾಮಾಗವ್ರೆ ಅಂದ ಕೆಂಪರಾಜ್. ಎಂಥ ಅದೃಷ್ಟ ಅಂದುಕೊಂಡೆ. ನಮ್ಮ ಹಂಸನ್ನೂ ದಾಟಿಸ್ಬಿಡಪ್ಪ ಅಂತ ಬೇಡಿಕೊಂಡವಳು ನಾನು. ಅವನೇ ಬಂದು ಕೇಳಿದ ಅಂತ ನಿನಗೆ ಹೇಳಿದ್ದು ಸುಳ್ಳು.

ಆಗಸ್ಟಿನಲ್ಲಿ ಪಕ್ಕದ ಮನೆ ಬಿಲ್ಕೀಸಳ ಫೋನಿಗೆ ನೀನು ಕರೆ ಮಾಡಿದೆಯಲ್ಲ, ಆ ಮಾತು ಕಿವಿಯಲ್ಲೇ ಇದೆ. ಇಳಿದ ತಕ್ಷಣ ಪಾಸ್‌ಪೋರ್ಟ್ ಕಿತ್ಕೊಂಡ್ರು, ನನ್ನನ್ನ ಇವರು ಅವರಿಗೆ ಕೊಟ್ರು, ಅವರು ಇನ್ಯಾರಿಗೋ ಕೊಟ್ರು, ಕಿಟಕಿಯಾಚೆ ನಿಂಬೆತೋಟ ಐತೆ, ಬಾಗ್ಲು ಹೊರಗಿಂದ ಹಾಕಿರ್ತಾರೆ ಅಕ್ಕ ಅಂದೆ. ಅಲ್ಲಿಗೆ ಕಟ್ಟಾಯಿತು. ಕೆಂಪರಾಜನನ್ನು ಹಿಡಿದು ಕೇಳಿದೆ. ಗಡಿ ದಾಟಿಸೋದಷ್ಟೇ ನಮ್ಮ ಕೆಲಸ, ಅಲ್ಲಿ ಗ್ಯಾಂಗೇ ಬೇರೆ, ನೀನು ಸುಮ್ನಿದ್ರೆ ಅವಳಿಗೂ ಒಳ್ಳೇದು ಅಂದ. ಪೊಲೀಸ್ ಸ್ಟೇಷನ್ ಮೆಟ್ಟಿಲವರೆಗೂ ಹೋಗಿ ಹಿಂದಿರುಗಿದೆ. ಕಳಿಸಿದ್ದು ಯಾರು ಅಂತ ಕೇಳಿದರೆ ಏನು ಹೇಳಲಿ? ಹೇಡಿ ನಾನು.

ಹೋದ ವಾರ ಬಟ್ಟೆಗಳು ಮತ್ತೆ ಬಂದವು. ಒಬ್ಬೊಬ್ಬರ ಕುಪ್ಪಸದೊಳಗೆ ಗುರುತಿಗೆ ಒಂದೊಂದು ಬಣ್ಣದ ದಾರದ ಗಂಟು ಹಾಕುತ್ತೇನಲ್ಲ, ಮೂರನೆಯದರಲ್ಲಿ ನಿನ್ನ ಗಿಳಿಹಸಿರು ಗಂಟಿತ್ತು. ಮುಖಕ್ಕೆ ಒತ್ತಿಕೊಂಡೆ. ನಿನ್ನ ವಾಸನೆಯೂ ಉಳಿದಿರಲಿಲ್ಲ.

ಅದನ್ನು ತೊಡಬೇಕಾದವಳು ರಾಯಚೂರಿನ ಕಡೆಯ ಸುಜಾತಾ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಅಳತೆಗೆ ಬಂದಾಗ ನಿನ್ನ ಕಥೆಯೆಲ್ಲ ಹೇಳಿಬಿಟ್ಟೆ. ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ ಅಕ್ಕಾ ಅಂತ ಬೈದಳು, ಅತ್ತಳು, ಮರುದಿನ ಕೋಣೆ ಖಾಲಿ ಮಾಡಿ ಊರಿಗೆ ಹೋದಳು.

ಇವತ್ತು ಆ ಕುಪ್ಪಸದ ಪಕ್ಕದ ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲಿಸಿದೆ. ನಿನ್ನ ಗಂಟು ಹಾಗೇ ಬಿಟ್ಟಿದ್ದೇನೆ. ಶುಕ್ರವಾರ ತಂಡ ಹೊರಡುತ್ತದೆ.

ನಿನ್ನಿಂದ ಬೈಸಿಕೊಳ್ಳಲು ಕಾದಿರುವ,
ನಿನ್ನ ಅಕ್ಕ
ಸುಕನ್ಯ

ವಿ.ಸೂ.: ಆ ಎರಡು ಬೆರಳು ದಪ್ಪ ನನ್ನದೇ, ನಗಬೇಡ. ಒಬ್ಬಳು ಕಡಿಮೆ ಬಿದ್ದಳೆಂದು ಒದ್ದಾಡುತ್ತಿದ್ದ ಕೆಂಪರಾಜ್, ನಾನೇ ಹೋಗುತ್ತೇನೆ ಅಂದಾಗ ಬೇಗ ಒಪ್ಪಿದ. ಹೊಸ ಪಾಸ್‌ಪೋರ್ಟಿಗೆ ಸಮಯವಿಲ್ಲವೆಂದು, ಬಟ್ಟೆಯ ಜೊತೆ ವಾಪಸ್ ಬಂದಿದ್ದ ನಿನ್ನದಕ್ಕೇ ನನ್ನ ಫೋಟೋ ಅಂಟಿಸಿದ್ದಾನೆ, ಹೆಸರು ನಿನ್ನದೇ. ಅವನ ವಿಷಯವೆಲ್ಲ, ನನ್ನ ತಪ್ಪೂ ಸೇರಿ, ಬರೆದು ಬಿಲ್ಕೀಸಳ ಕೈಗೆ ಕೊಟ್ಟಿದ್ದೇನೆ. ವಿಮಾನ ಹಾರಿದ ಮೇಲೆ ಸ್ಟೇಷನ್ನಿಗೆ ಒಯ್ಯುತ್ತಾಳೆ. ನಾನಲ್ಲಿ ನಿಂಬೆತೋಟ ಹುಡುಕುತ್ತಿರುವಾಗ ನೀನಿಲ್ಲಿ ಬಂದುಬಿಟ್ಟರೆ ಗೊತ್ತಿರಲಿ ಅಂತ ಈ ಕಾಗದ. ಬರದಿದ್ದರೆ, ಅಲ್ಲಿ ಯಾರಾದರೂ ಹಂಸ ಎಂದು ಕೂಗಿದಾಗ ತಿರುಗಿ ನೋಡು. ನಾನೂ ತಿರುಗಿರುತ್ತೇನೆ.