ಪುಟಾಣಿ ರೈಲಿನ ಫಲಕದಲ್ಲಿರುವ ನನ್ನ ಸುಳ್ಳು

ಮನರಂಜನಾ ಉದ್ಯಾನದ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ಪುಟಾಣಿ ರೈಲಿನ ನಿಲ್ದಾಣದಲ್ಲಿ ನೀವು ನಿಲ್ಲಿಸಿರುವ ಇತಿಹಾಸದ ಫಲಕದ ನಾಲ್ಕನೇ ಸಾಲು ಸುಳ್ಳು. 'ಚಾಲಕನ ಅತಿವೇಗದಿಂದ ರೈಲು ಹಳಿ ತಪ್ಪಿತು' ಎಂಬ ಆ ಸಾಲನ್ನು ಅಳಿಸಬೇಕು. ಇಷ್ಟು ಖಂಡಿತವಾಗಿ ಹೇಳಲು ನೀನು ಯಾರು ಎಂದು ಕೇಳುತ್ತೀರೇನೋ. ಆ ಸುಳ್ಳನ್ನು ನಿಮ್ಮ ಕಚೇರಿಗೆ ಒಪ್ಪಿಸಿದವನೇ ನಾನು.

ಎರಡನೇ ಸಾಲೂ ಸುಳ್ಳೇ, ಆದರೆ ಅದರ ಬಗ್ಗೆ ನನ್ನ ತಕರಾರಿಲ್ಲ. ಎಂಜಿನ್ನನ್ನು 'ಮಕ್ಕಳಿಗಾಗಿಯೇ ವಿದೇಶದಿಂದ ತರಿಸಲಾಯಿತು' ಎಂದಿದ್ದೀರಿ. ಅದು ಬಂದದ್ದು ಮುಚ್ಚಿಹೋದ ಕಲ್ಲುಗಣಿಯಿಂದ. ಎರಡಡಿ ಅಗಲದ ಹಳಿಗಳೂ ಅಲ್ಲಿಯವೇ. ಜಲ್ಲಿ ಎಳೆಯುತ್ತಿದ್ದ ಆ ಎಂಜಿನ್ನಿನ ಮಸಿ ಕೆರೆದು ಕೆಂಪು ಬಣ್ಣ ಬಳಿದವನು, ಬಾಗಿಲು ಹಾಕಿದ ಸಿನಿಮಾ ಮಂದಿರದ ಕುರ್ಚಿಗಳನ್ನು ತಂದು ಡಬ್ಬಿಗಳಿಗೆ ಜೋಡಿಸಿದವನು ನಮ್ಮ ಡ್ರೈವರಣ್ಣ. ಇಪ್ಪತ್ತು ವರ್ಷ ಮಕ್ಕಳನ್ನು ಕೆರೆಯ ಸುತ್ತ ಸುತ್ತಿಸಿದ. ನಿಮ್ಮ ಫಲಕದಲ್ಲಿ ಅವನಿಗೆ ಸಿಕ್ಕಿದ್ದು ಆ ನಾಲ್ಕನೇ ಸಾಲೊಂದೇ.

ನಾನು ಹಳಿ ಕಾಯುತ್ತಿದ್ದವನು. ಹಳಿ ಕವಲೊಡೆಯುವ ಕಡೆ ನನ್ನ ತಗಡಿನ ಗೂಡು. ಲಿವರ್ ಎಳೆದು ಹಳಿ ಕೂಡಿಸಬೇಕು, ಅದು ಅಲುಗದಂತೆ ಗೇಣುದ್ದದ ಕಬ್ಬಿಣದ ಪಿನ್ನು ಚುಚ್ಚಬೇಕು, ಆಮೇಲೆ ಹಸಿರು ಬಾವುಟ ಎತ್ತಬೇಕು. ಬಾವುಟ ಕಂಡರೆ ಡ್ರೈವರಣ್ಣ ಹಿಂದುಮುಂದು ನೋಡದೆ ಬರುತ್ತಿದ್ದ. ಆ ದಿನ ಸೆಕೆ ತಾಳಲಾರದೆ, ಕಿಟಕಿಯ ತಗಡು ಬೀಳದಿರಲೆಂದು ಆ ಪಿನ್ನನ್ನೇ ಆಸರೆಯಾಗಿ ಕೊಟ್ಟಿದ್ದೆ. ರೈಲಿನ ಸದ್ದು ಕೇಳಿತು, ಲಿವರ್ ಎಳೆದೆ, ಬಾವುಟ ಎತ್ತಿದೆ. ಪಿನ್ನು ಕಿಟಕಿಯಲ್ಲೇ ಇತ್ತು. ರೈಲು ಹಾಯುವಾಗಲೇ ಹಳಿ ಅಲುಗಿ, ಕೊನೆಯ ಎರಡು ಡಬ್ಬಿ ಹೂವಿನ ಪಾತಿಗೆ ಉರುಳಿದವು. ಶಾಲೆಯ ಮೇಡಮ್ ಒಬ್ಬರ ಮಣಿಕಟ್ಟು ಮುರಿಯಿತು, ಮಕ್ಕಳ ಮೊಣಕಾಲು ತರಚಿತು. ಎಲ್ಲರೂ ಮಕ್ಕಳ ಕಡೆ ಓಡಿದರು. ನಾನು ಮೊದಲು ಓಡಿದ್ದು ಕಿಟಕಿಯ ಕಡೆ. ಪಿನ್ನು ತಂದು ಅದರ ಜಾಗದಲ್ಲಿ ಚುಚ್ಚಿ, ಆಮೇಲೆ ಮಕ್ಕಳ ಬಳಿ ಹೋದೆ.

ವಿಚಾರಣೆಗೆ ಬಂದ ಸಾಹೇಬರಿಗೆ ಊಟದ ಹೊತ್ತಿಗೆ ಮುಗಿಸುವ ಆತುರ. "ಗಾಡಿ ಸ್ವಲ್ಪ ಜೋರಾಗಿ ಬಂತು ಅಲ್ವೇನಯ್ಯಾ?" ಎಂದರು. "ಹೌದು ಸಾರ್, ಸ್ವಲ್ಪ ಜೋರಾಗೇ ಬಂತು" ಎಂದೆ. ಮುಗಿಯಿತು. ಆ ಎಂಜಿನ್ನಿಗೆ ವೇಗ ತೋರಿಸುವ ಮುಳ್ಳೇ ಇರಲಿಲ್ಲ ಎಂಬುದು ಇಂಥ ಕೂಲಂಕಷ ತನಿಖೆಗೆ ಹೇಗೆ ತಾನೇ ಹೊಳೆದೀತು? ಬೇಕಾದ ಕಾಗದ ಒಂದೂ ಸಿಗದ ನಿಮ್ಮ ಕಚೇರಿಯಲ್ಲಿ ಮೂವತ್ತು ವರ್ಷ ಜೋಪಾನವಾಗಿ ಉಳಿಯಲು ಇದೊಂದೇ ಕಡತ ಇತ್ತೇ?

ಡ್ರೈವರಣ್ಣನನ್ನು ದೋಣಿಕಟ್ಟೆಗೆ ಹಾಕಿದರು. ನಿವೃತ್ತಿಯವರೆಗೂ ಲೈಫ್ ಜಾಕೆಟ್ ಹಂಚುತ್ತ, ಬೇರೆಯವನು ಓಡಿಸುವ ರೈಲನ್ನು ದಿನವಿಡೀ ನೋಡುತ್ತ ನಿಂತ. ಮಧ್ಯಾಹ್ನ ನನ್ನ ಜೊತೆಯೇ ಊಟಕ್ಕೆ ಕೂರುತ್ತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಕಣ್ಣಾರೆ ಕಂಡೋನು ನೀನು, ಸುಳ್ಳು ಹೇಳ್ತೀಯಾ? ನನಗೇ ಗೊತ್ತಾಗದ ಹಾಗೆ ಜೋರಾಗಿ ಬಿಟ್ಟಿರಬೇಕು" ಎನ್ನುತ್ತಿದ್ದ. ನಾನು ಮುಂದಿನ ತುತ್ತು ಕಲಸುತ್ತಿದ್ದೆ.

ಕಳೆದ ವಾರ ನಾನು, ಡ್ರೈವರಣ್ಣ, ಅವನ ಮೊಮ್ಮಗಳು ಮೂವರೂ ನಿಲ್ದಾಣ ನೋಡಲು ಬಂದಾಗ, ಅವಳು ನಿಮ್ಮ ಫಲಕವನ್ನು ಗಟ್ಟಿಯಾಗಿ ಓದಿದಳು.

"ತಾತ, ಈ ಡ್ರೈವರ್ ನೀನೇನಾ?"

"ಹೂಂ ಪುಟ್ಟಿ, ನಾನೇ. ಮಕ್ಕಳನ್ನ ಕೂರಿಸ್ಕೊಂಡು ಹಾಗೆ ಓಡಿಸಬಾರದಿತ್ತು."

ಅವಳು ಅವನ ಕೈ ಬಿಟ್ಟು ಮುಂದೆ ನಡೆದಳು. ಪಕ್ಕದಲ್ಲೇ ನಿಂತಿದ್ದ ನಾನು ಆಗಲೂ ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ನಿನ್ನೆ ಅವನ ಮನೆಗೆ ಹೋಗಿ ಪಿನ್ನಿನ ವಿಷಯವನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅವನು ನಗುತ್ತ ನನ್ನ ಬೆನ್ನು ತಟ್ಟಿದ. "ನನ್ನ ಸಮಾಧಾನಕ್ಕೆ ಅಂತ ಎಂಥ ಕಥೆ ಕಟ್ಕೊಂಡು ಬಂದಿದೀಯೋ! ಆಫೀಸಿನೋರು ವಿಚಾರಿಸದೆ ಬರೀತಾರಾ? ಎದ್ದೇಳು, ಊಟ ಮಾಡು" ಎಂದ.

ಆದ್ದರಿಂದ ಮಾನ್ಯರೇ, ಫಲಕ ತಿದ್ದಿದರೆ ಸಾಲದು. ತಪ್ಪು ಹಳಿ ಕಾಯುವವನದು, ಚಾಲಕನದಲ್ಲ ಎಂದು ನಿಮ್ಮ ಮೊಹರು ಒತ್ತಿದ ಕಾಗದವೊಂದನ್ನು ಅವನ ಮನೆಗೆ ಕಳಿಸಿ. ನನಗೆ ಯಾವ ಶಿಕ್ಷೆ ಬೇಕಾದರೂ ವಿಧಿಸಿ. ಆದರೆ ತಡ ಮಾಡಬೇಡಿ, ಅವನಿಗೆ ಎಂಬತ್ತು ದಾಟಿದೆ. ನಾನು ಹೇಳಿದರೆ ಅವನು ನಂಬುತ್ತಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ 'ನಂಬಲರ್ಹ ಸಾಕ್ಷಿ'