ನಿಮ್ಮ ಬೀಗ ಕೂಡಿಸಿದ ಮದುವೆ

ಮಾನ್ಯ ಉದ್ಯಾನ ಅಧೀಕ್ಷಕರೇ,

ನಮ್ಮ ಅಪಾರ್ಟ್‌ಮೆಂಟಿನ ಎದುರಿಗೇ ಇರುವ, ಪೇಶ್ವೆಗಳ ಕಾಲದ ಉದ್ಯಾನದ (ನಮ್ಮವರ ಬಾಯಲ್ಲಿ 'ಬಾಗು') ಚಿಕ್ಕ ಗೇಟಿಗೆ ತಾವು ಬೀಗ ಜಡಿಸಿದ್ದೀರಿ. ಕಾರಣ, ಪಾರಂಪರಿಕ ಆಸ್ತಿಯ ಸಂರಕ್ಷಣೆ. ಯಾರಿಂದ ಸ್ವಾಮಿ? ಮೊಣಕಾಲು ನೋವಿನ ನಿವೃತ್ತ ಭೂಗೋಳ ಶಿಕ್ಷಕಿ ನಾನು. ಆಲದ ಮರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿಹೋಗುತ್ತೇನೆಯೇ? ದೊಡ್ಡ ಬಾಗಿಲಿಗೆ ಸುತ್ತಿ ಹೋಗಲು ನನಗೆ ರಿಕ್ಷಾ ಬೇಕು. ನಮ್ಮ ಪುಣೆಯ ರಿಕ್ಷಾದವರು ಅಷ್ಟು ಹತ್ತಿರಕ್ಕೆ ಬರುತ್ತಾರೆಯೇ? ಫ್ಲ್ಯಾಟು ಮಾರುವಾಗ ಬಿಲ್ಡರ್ ಮಹಾಶಯ 'ಬಾಗಿಲು ತೆರೆದರೆ ಬಾಗು' ಎಂದಿದ್ದ. ಈಗ ಬಾಗಿಲು ನಮ್ಮದು, ಬಾಗು ತಮ್ಮದು.

ಬಾಗಿನ ಆಚೆ ಬದಿಯಲ್ಲಿ ಯಶವಂತ ಘಾಟ್ಪಾಂಡೆ ಎಂಬ ವಿಧುರರಿದ್ದಾರೆ. ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದವರು. ಅದೆಷ್ಟೋ ಕಾಲದಿಂದ ದಿನವೂ ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಕೂತು ಪತ್ರಿಕೆಯ ಪದಬಂಧಕ್ಕಾಗಿ ಜಗಳವಾಡುತ್ತಿದ್ದೆವು. ಬೀಗ ಬಿದ್ದ ಮರುದಿನ ಅವರೇ ಒಳಗಿನಿಂದ ಗೇಟಿನವರೆಗೆ ಬಂದರು.

"ಏನ್ ಮಾಸ್ತರಿಣಬಾಯಿ, ಜೈಲಲ್ಲಿರೋದು ನೀವೋ ನಾನೋ?"

"ಚಹಾ ಯಾವ ಕಡೆ ಇದೆಯೋ ಅದು ಹೊರಗೆ," ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಸರಳುಗಳ ನಡುವೆ ಕೊಟ್ಟೆ. ಅವರು ಕುರುಕಲು ಭಾಕರವಡಿಯ ಪೊಟ್ಟಣ ತೂರಿಸಿದರು.

ತಮ್ಮ ಕಾವಲುಗಾರ ಓಡಿಬಂದ. "ಕಾಕಾ, ಇಲ್ಲಿ ನಿಲ್ಲಂಗಿಲ್ಲ. ಸಾಹೇಬ್ರ ಆರ್ಡರ್."

"ಕೂತ್ಕೋಬಹುದಾ?"

ಅವನು ತಲೆ ಕೆರೆದುಕೊಂಡ. "ಅದನ್ನ ಬರೆದಿಲ್ಲ."

ಮರುದಿನದಿಂದ ಆಚೆಗೊಂದು ಸ್ಟೂಲು, ಈಚೆಗೊಂದು ಸ್ಟೂಲು. ಮಹಡಿ ಮಹಡಿಯ ಬಾಲ್ಕನಿಗಳಲ್ಲಿ ಪ್ರೇಕ್ಷಕರು. ಹೀಗಿರುವಾಗ, ಕಳೆದ ವಾರ ಘಾಟ್ಪಾಂಡೆಯವರು ಪತ್ರಿಕೆ ಮಡಚಿಟ್ಟರು. ಮುಖ ಕೆಂಪಾಗಿತ್ತು.

"ಇಂದುಮತಿ, ಈ ವಯಸ್ಸಲ್ಲಿ ಸರಳಿನ ಸಂದೀಲಿ ಮಾತಾಡಿ ಕತ್ತು ಹಿಡ್ಕೊಳತ್ತೆ. ಮದುವೆ ಆಗ್ಬಿಡೋಣ."

ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದೆ. ಆಮೇಲೆ ಕೇಳಬೇಕಾದ್ದನ್ನು ಕೇಳಿದೆ: "ಚಹಾ ಯಾರು ಮಾಡೋದು?"

"ನಾನು."

ಎರಡನೇ ಮಹಡಿಯಿಂದ ಕಾಮತ್ಕರ್ ವಹಿನಿ ಕೂಗಿದಳು: "ಬೇಗ ಹೂಂ ಅನ್ರೀ ಕಾಕೂ, ನಂಗೆ ಆಫೀಸಿಗೆ ಹೊತ್ತಾಯ್ತು!"

ಹೂಂ ಅಂದೆ. ಚಪ್ಪಾಳೆ ತಟ್ಟಿದವರಲ್ಲಿ ತಮ್ಮ ಕಾವಲುಗಾರನೂ ಒಬ್ಬ; ದಯವಿಟ್ಟು ಅವನ ಮೇಲೆ ಕ್ರಮ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಮದುವೆ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ. ಆಮೇಲೆ ಅವರ ವಾಸ ನನ್ನ ಫ್ಲ್ಯಾಟಿನಲ್ಲೇ. ಅಂದರೆ ಗೇಟಿನ ಹೊರಗೆ ನಾನೊಬ್ಬಳೇ ಇದ್ದೆ, ಇನ್ನು ಇಬ್ಬರಾಗುತ್ತೇವೆ, ದೂರುಗಳೂ ಇಮ್ಮಡಿಯಾಗುತ್ತವೆ. ಇಷ್ಟು ಉಪಕಾರ ಮಾಡಿದ ಬೀಗಕ್ಕೆ ಇನ್ನು ವಿಶ್ರಾಂತಿ ಕೊಡಿ. ಮದುವೆಯ ದಿನ ಮಾತ್ರ ತೆರೆಯುವ ಔದಾರ್ಯ ಬೇಡ. ಎಂದಿನಂತೆ ದಿನವೂ ತೆರೆದಿರಲಿ. ತಾವೂ ಸಕುಟುಂಬ ಊಟಕ್ಕೆ ಬನ್ನಿ. ಉಡುಗೊರೆ ತರಬೇಡಿ, ಕೀಲಿಕೈ ತಂದರೆ ಸಾಕು.

ಇಂತಿ, ತಮ್ಮ ಆದೇಶದ ದೆಸೆಯಿಂದ ವಧುವಾಗುತ್ತಿರುವ,
ಇಂದುಮತಿ ರಾಜೋಪಾಧ್ಯೆ
(ವಯಸ್ಸು ಕೇಳಬೇಡಿ)