ಕೇರಿಯ ಬಾವಿ

೧೪-೩-೧೯೭೯, ಬುಧವಾರ. ಹೊಸಹಳ್ಳಿ.

ಅಂಗೈ ಇನ್ನೂ ಉರಿಯುತ್ತಿದೆ, ಮನಸ್ಸು ಮಾತ್ರ ತಣ್ಣಗಿದೆ.

ಹೊಸ ಬಾವಿ ಚರ್ಚಿನ ಅಂಗಳದಲ್ಲೇ ಇರಲಿ ಎಂದು ಹಟ ಹಿಡಿದವನು ಪಾದ್ರಿಯಾದ ನಾನೇ. "ಅಲ್ಲಿ ತೋಡಿದ್ರ ನಿಮ್ಮನ್ನ ಕೇಳಬೇಕಾಗತೈತಿ, ಅಯ್ಯಾರ. ಊರ ಬಾವಿಕಟ್ಟಿ ಕೆಳಗ ಕೊಡ ಇಟ್ಟು, ನೀರು ಹಾಕ್ರಿ ಅಂತ ಬೇಡಿದ್ದು ಸಾಕಾಗೈತಿ" ಎಂದಿದ್ದಳು ನಮ್ಮ ಸಭೆಯ ದುರುಗಮ್ಮ. ಕೊನೆಗೆ ಅವರ ಕೇರಿಯಲ್ಲೇ ತೋಡಿಸಿದೆವು.

ಇವತ್ತು ಮನೆಯಲ್ಲಿ ನೀರಿಲ್ಲದೆ ನಾನೇ ಕೊಡ ಹಿಡಿದು ಅಲ್ಲಿಗೆ ಹೋದೆ. ಸಂಕೋಚಕ್ಕೆ ಕಟ್ಟೆಯ ಕೆಳಗೇ ನಿಂತೆ, ಯಾರಾದರೂ ಹಾಕಲಿ ಎಂದು. ದುರುಗಮ್ಮ ಹಗ್ಗವನ್ನು ನನ್ನ ಕೈಗೇ ಕೊಟ್ಟಳು.

"ಮ್ಯಾಲೆ ಬಂದು ಸೇದ್ಕೊಳ್ರಿ. ಇಲ್ಲಿ ಯಾರನ್ನೂ ಕೇಳಂಗಿಲ್ಲ."

ಭಾನುವಾರಕ್ಕೆಂದು ದೇವರ ಕೃಪೆಯ ಬಗ್ಗೆ ನಾಲ್ಕು ಪುಟ ಪ್ರಸಂಗ ಬರೆದಿಟ್ಟಿದ್ದೆ. ಈಗ ಓದಿದರೆ, ಕಟ್ಟೆಯ ಮೇಲೆ ನಿಂತು ನೀರು ಹಾಕುವವನ ಮಾತಿನಂತಿದೆ. ಇರಲಿ. ಬೇರೆ ಬರೆಯಲು ಇನ್ನೂ ಮೂರು ದಿನವಿದೆ, ಕೊಡದಲ್ಲಿ ನೀರೂ ಇದೆ.